ತಮ್ಮ ಕಾಲು ಮಡಚಿ ಕೂತರೆ ಒಬ್ಬರು ಹೋದರೆಂದೇ ಲೆಕ್ಕ

ಪಕ್ಕದಲ್ಲಿ ಕೂತವರು ಟಿ.ವಿ.ಯನ್ನು ಬಿಟ್ಟು ನಮ್ಮ ಮುಖವನ್ನೇ ನೋಡುತ್ತಿದ್ದರೆ ಎಷ್ಟು ಕಿರಿಕಿರಿಯಾಗುತ್ತದೆ ಎಂಬುದು, ಮನೆಯವರು ಮೊದಲೇ ನೋಡಿ ಮುಗಿಸಿದ ಧಾರಾವಾಹಿಯನ್ನು ಅವರ ಜೊತೆಯಲ್ಲೇ ಕೂತು ಹೊಸದಾಗಿ ನೋಡಿದವರಿಗೆಲ್ಲ ಗೊತ್ತಿರುತ್ತದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾನು, ಒಂದು ಸಿಂಹಾಸನಕ್ಕಾಗಿ ಮನೆತನಗಳು ಬಡಿದಾಡುವ ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯ ಕೊನೆಯ ಕಂತನ್ನು ಮುಗಿಸಿದೆ. ಒಟ್ಟು 8 ಸೀಸನ್, 73 ಕಂತು. ಅಷ್ಟೂ ಕಂತುಗಳಲ್ಲಿ ನಾನು ಕಥೆಯನ್ನು ನೋಡಿದೆ, ನನ್ನ ತಮ್ಮ ನನ್ನನ್ನು ನೋಡಿದ. ಮುಗಿದ ಕೂಡಲೇ ಅವನು ಮಾಡಿದ ಕೆಲಸವೆಂದರೆ, ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಟ್ಟಿದ್ದ ನನ್ನ ಭವಿಷ್ಯವಾಣಿಯ ಪಟ್ಟಿಯನ್ನು ಕಿತ್ತು ತಂದು, ಕೆಂಪು ಪೆನ್ನು ಹಿಡಿದು, ಮೇಷ್ಟರ ಹಾಗೆ ಅಂಕ ಹಾಕಿದ್ದು. ಹನ್ನೆರಡಕ್ಕೆ ಮೂರೂವರೆ. ಆ ಅರ್ಧ ಅಂಕದ ಮೇಲೆ ನಮ್ಮಿಬ್ಬರ ನಡುವೆ ಈಗಲೂ ವ್ಯಾಜ್ಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಧಾರಾವಾಹಿ 2011ರ ಏಪ್ರಿಲ್ 17ರಂದು ಶುರುವಾಗಿ 2019ರ ಮೇ 19ರಂದು ಮುಗಿಯಿತು. ಆ ಎಂಟು ವರ್ಷಗಳಲ್ಲಿ ಇದರಲ್ಲಿ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂದು ಲೋಕವೆಲ್ಲ ಕಣಿ ಹೇಳುತ್ತಿದ್ದಾಗ ನಾನು ಮಾತ್ರ ಅದರ ಗೊಡವೆಗೇ ಹೋಗದೆ ಹಾಯಾಗಿದ್ದೆ. ಇಷ್ಟು ವರ್ಷ ಕಳೆದ ಮೇಲೂ ಯಾರು ಸತ್ತರೆಂಬುದು ಗೊತ್ತಿಲ್ಲದ ಪ್ರಾಣಿಯೊಂದು ಮನೆಯಲ್ಲೇ ಇದೆಯೆಂದು ತಿಳಿದಾಗ ನನ್ನ ತಮ್ಮನಿಗಾದ ಆನಂದವನ್ನು ವರ್ಣಿಸಲಾರೆ. ಕಾಡಿನಲ್ಲಿ ಅಳಿದೇಹೋಯಿತೆಂದು ತಿಳಿದಿದ್ದ ಹಕ್ಕಿ ಹಿತ್ತಿಲಲ್ಲಿ ಕಂಡವನ ಹಾಗೆ ಅವನು ನನ್ನನ್ನು ನೋಡಿದ. ನನ್ನಂಥವರು ಇನ್ನೂ ಯಾರಾದರೂ ಉಳಿದಿದ್ದರೆ ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಿ. ಮುಂದೆ ಹೆಣಗಳಿವೆ, ಹೆಸರು ಸಮೇತ.

ಮೊದಲ ಕಂತು ಮುಗಿದ ಕೂಡಲೇ ತಮ್ಮ ಕಾಗದ ಪೆನ್ನು ತಂದು, ‘ಅಕ್ಕಾ, ಕೊನೆಯ ತನಕ ಬದುಕಿರುವ ಹನ್ನೆರಡು ಜನರ ಹೆಸರು ಹೇಳು’ ಎಂದ. ನಾನು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುವವಳಲ್ಲ. ಯೋಚಿಸಿ, ತೂಗಿ, ಕಾರಣ ಸಹಿತ ಹೇಳಿದೆ. ನೆಡ್ ಸ್ಟಾರ್ಕ್ ಮೊದಲನೆಯವನು. ಏಕೆಂದರೆ ಅವನು ಒಳ್ಳೆಯವನು, ಐದು ಮಕ್ಕಳ ತಂದೆ, ಪಾತ್ರ ಮಾಡಿದವರು ಶಾನ್ ಬೀನ್ ಎಂಬ ಹೆಸರಾಂತ ನಟರು, ಮೇಲಾಗಿ ಮೊದಲ ಸೀಸನ್ನಿನ ಪೋಸ್ಟರಿನಲ್ಲಿ ಆ ಕಬ್ಬಿಣದ ಸಿಂಹಾಸನದ ಮೇಲೆ ಕತ್ತಿ ಹಿಡಿದು ಕೂತವನು ಅವನೇ. ಪೋಸ್ಟರಿನಲ್ಲಿ ಸಿಂಹಾಸನದ ಮೇಲೆ ಕೂತವನನ್ನು ಯಾರಾದರೂ ಕೊಲ್ಲುತ್ತಾರೆಯೇ? ಅವನ ಹೆಂಡತಿ ಕ್ಯಾಟ್ಲಿನ್, ಹಿರಿಮಗ ರಾಬ್, ಹೆಣ್ಣುಮಕ್ಕಳು ಸಾನ್ಸಾ ಮತ್ತು ಆರ್ಯಾ, ಹೊರಗಿನ ಸಂಬಂಧದ ಮಗನೆನಿಸಿಕೊಂಡ ಜಾನ್ ಸ್ನೋ, ಆ ಮನೆಯಲ್ಲೇ ಬೆಳೆದ ಥಿಯೋನ್, ರಾಬರ್ಟ್ ಮಹಾರಾಜ, ಕುಳ್ಳ ಟಿರಿಯನ್, ಬೆಳ್ಳಿಗೂದಲಿನ ಡೆನೆರಿಸ್, ಅವಳ ಗಂಡ ಡ್ರೋಗೋ, ಅವಳ ಹಿಂದೆ ಹಿಂದೆ ನಿಲ್ಲುವ ಜೋರಾ. ಹನ್ನೆರಡು. ನೆಡ್‌ನ ಇನ್ನೊಬ್ಬ ಮಗ ಬ್ರ್ಯಾನ್ ಎಂಬ ಹುಡುಗನನ್ನು ಮೊದಲ ಕಂತಿನ ಕೊನೆಯಲ್ಲಿ ಗೋಪುರದ ಕಿಟಕಿಯಿಂದ ಕೆಳಕ್ಕೆ ತಳ್ಳುತ್ತಾರೆ. ಅವನನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ತಮ್ಮ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ. ನೆಡ್ ಸ್ಟಾರ್ಕ್‌ನ ಹೆಸರು ಬರೆಯುವಾಗ ಮಾತ್ರ ಒಂದು ಸಲ ಪೆನ್ನೆತ್ತಿ, ‘ಖಂಡಿತಾನಾ ಅಕ್ಕಾ?’ ಎಂದು ಕೇಳಿದ. ಆ ದನಿಯಲ್ಲಿ ಎಂಥ ವಿನಯ, ಎಂಥ ಕಾಳಜಿ! ಎರಡು ತಿಂಗಳ ನಂತರ ಆ ‘ಖಂಡಿತಾನಾ’ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮೊದಲ ಸೀಸನ್ನಿನ ಹತ್ತು ಕಂತು ಮುಗಿಯುವಷ್ಟರಲ್ಲಿ ರಾಬರ್ಟ್ ಮಹಾರಾಜ ಬೇಟೆಗೆ ಹೋಗಿ ಹಂದಿಯ ಕೋರೆಗೆ ಸಿಕ್ಕು ಸತ್ತ, ಒಂಬತ್ತನೆಯ ಕಂತಿನಲ್ಲಿ ನೆಡ್‌ನ ತಲೆದಂಡವಾಯಿತು, ಹತ್ತನೆಯದರಲ್ಲಿ ಡ್ರೋಗೋ ಹೋದ. ಹನ್ನೆರಡರಲ್ಲಿ ಮೂರು ವಿಕೆಟ್ಟು. ನೆಡ್‌ನ ಕತ್ತಿನ ಮೇಲೆ ಕತ್ತಿ ಇಳಿದಾಗ ನಾನು, ‘ಇಲ್ಲ, ಇದು ಕನಸಿರಬೇಕು, ಮುಂದಿನ ಕಂತಿನಲ್ಲಿ ಏಳುತ್ತಾನೆ’ ಎಂದೆ. ನನ್ನ ಯಜಮಾನರು ಅಷ್ಟು ಹೊತ್ತಿಗೆ ಸೋಫಾದ ಇನ್ನೊಂದು ತುದಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಈ ಧಾರಾವಾಹಿಯಲ್ಲಿ ಅವರ ಆಸಕ್ತಿಗಿಂತ ಬೇಗ ಸತ್ತ ಪಾತ್ರ ಯಾವುದೂ ಇಲ್ಲ.

ಎರಡನೆಯ ಸೀಸನ್ನಿನ ಹೊತ್ತಿಗೆ ನನಗೊಂದು ಸಂಗತಿ ಹೊಳೆಯಿತು. ಸಾವು ಹತ್ತಿರ ಬಂದಾಗಲೆಲ್ಲ ನನ್ನ ತಮ್ಮ ಕಾಲು ಮಡಚಿಕೊಳ್ಳುತ್ತಾನೆ. ಮಾಮೂಲಾಗಿ ಅವನು ಎರಡೂ ಕಾಲನ್ನು ಉದ್ದಕ್ಕೆ ಚಾಚಿ, ಹಿಮ್ಮಡಿಯನ್ನು ಟೀಪಾಯಿಯ ಅಂಚಿಗೆ ಕೊಟ್ಟು, ಬೆನ್ನು ಪೂರ್ತಿ ಜಾರಿಸಿ, ತಲೆದಿಂಬಿನ ಮೇಲೆ ಬಿಸಾಡಿದ ಶಾಲಿನ ಹಾಗೆ ಬಿದ್ದಿರುತ್ತಾನೆ. ಯಾರಿಗಾದರೂ ಕಂಟಕ ಕಾದಿದೆಯೆಂದರೆ, ಸುಮಾರು ಮೂರು ನಿಮಿಷ ಮೊದಲು ಬಲಗಾಲಿನ ಹೆಬ್ಬೆರಳು ಅಲುಗಾಡಲು ತೊಡಗುತ್ತದೆ. ಎರಡು ನಿಮಿಷವಿದ್ದಾಗ ಬೆನ್ನು ನೆಟ್ಟಗಾಗುತ್ತದೆ. ಒಂದು ನಿಮಿಷವಿದ್ದಾಗ ಎರಡೂ ಕಾಲು ಸೋಫಾದ ಮೇಲೆ ಬರುತ್ತವೆ, ಮಂಡಿಗಳನ್ನು ಕೈಗಳು ಬಳಸುತ್ತವೆ, ಗಲ್ಲ ಮಂಡಿಯ ಮೇಲೆ ಕೂರುತ್ತದೆ, ಕಣ್ಣು ಟಿ.ವಿ.ಯಿಂದ ಮೆಲ್ಲಗೆ ತೊಂಬತ್ತು ಡಿಗ್ರಿ ತಿರುಗಿ ನನ್ನ ಮೇಲೆ ನೆಡುತ್ತದೆ. ಬಾಯಲ್ಲಿ ಮಾತ್ರ ಒಂದು ಅಕ್ಷರವೂ ಹೊರಬರುವುದಿಲ್ಲ. ‘ನಾನೇನೂ ಹೇಳುವುದಿಲ್ಲಪ್ಪ, ಸ್ಪಾಯ್ಲರ್ ಆಗುತ್ತೆ’ ಎಂಬ ಪ್ರತಿಜ್ಞೆಯನ್ನು ಅವನು ಭೀಷ್ಮನ ನಿಷ್ಠೆಯಿಂದ ಪಾಲಿಸುತ್ತಾನೆ. ಯಾರಾದರೂ ಬದುಕುತ್ತಾರೆಯೇ ಎಂದು ಕೇಳಿದರೆ ‘ನೋಡೋಣ’ ಎನ್ನುತ್ತಾನೆ, ತಾನೇ ಬರೆದ ಕಥೆಯ ಹಾಗೆ.

ಅಭಿಮಾನಿಗಳಾದವರು ಪಾತ್ರಗಳ ಆಯುಷ್ಯವನ್ನು ಅಳೆಯಲು ಏನೇನೋ ವಿದ್ಯೆಗಳನ್ನು ಬಳಸಿದ್ದಾರಂತೆ. ಮುಂದಿನ ಬದುಕಿನ ಬಗ್ಗೆ ಸವಿಯಾಗಿ ಮಾತಾಡಿದವರು ಉಳಿಯುವುದಿಲ್ಲ ಎಂಬುದು ಒಂದು ಸೂತ್ರ. ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ದೊಡ್ಡ ಅನಾಹುತ ತಪ್ಪಿದ್ದಲ್ಲ ಎಂಬುದು ಇನ್ನೊಂದು; ಕೊನೆಯ ಎರಡು ಸೀಸನ್ ಮೊಟಕಾದದ್ದರಿಂದ ಅಲ್ಲಿ ಇದೂ ನಡೆಯಲಿಲ್ಲ. ಧಾರಾವಾಹಿಗೆ ಮೂಲವಾದ ಪುಸ್ತಕದ ಹಳೆಯ ಅಧ್ಯಾಯಗಳನ್ನು ಅಗೆದು, ಯಾರ ಬಾಲ್ಯದಲ್ಲಿ ಯಾವ ಮುದುಕಿ ಏನು ನುಡಿದಿದ್ದಳೆಂದು ಪುರಾವೆ ತರುವವರು ಬೇರೆ. ನನಗೆ ಇವುಗಳಲ್ಲಿ ಒಂದೂ ಬೇಕಾಗಲಿಲ್ಲ. ನನ್ನ ಪಂಚಾಂಗ ಪಕ್ಕದಲ್ಲೇ ಕೂತಿತ್ತು. ಕಾಲು ಕೆಳಗಿದ್ದರೆ ಎಂಥ ಯುದ್ಧ ನಡೆಯುತ್ತಿದ್ದರೂ ನಾನು ನಿಶ್ಚಿಂತೆಯಿಂದ ಆಕಳಿಸುತ್ತಿದ್ದೆ. ಕಾಲು ಮೇಲೇರಿದರೆ ತೆರೆಯ ಮೇಲೆ ಇಬ್ಬರು ನಗುತ್ತ ಹರಟುತ್ತಿದ್ದರೂ ‘ಇವರಲ್ಲೊಬ್ಬ ಹೋದ’ ಎಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ. ಹೀಗೆ ನೋಡುವುದರಲ್ಲಿ ಕಥೆಯ ಸುಖ ಎಷ್ಟಿತ್ತೆಂದು ಕೇಳಬೇಡಿ.

ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತಿನ ದಿನ ತಮ್ಮ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದ. ಬಂದವನೇ ನನ್ನ ಯೋಗಕ್ಷೇಮ ವಿಚಾರಿಸಿದ. ‘ಅಕ್ಕಾ, ಕೆಲಸ ಎಲ್ಲಾ ಮುಗೀತಾ? ಮಧ್ಯೆ ಏಳೋ ಹಾಗಿಲ್ಲ’ ಎಂದ. ದಿಂಬನ್ನು ಬೆನ್ನಿಗೆ ಸರಿಮಾಡಿಕೊಟ್ಟ. ನಲವತ್ತು ವರ್ಷದಲ್ಲಿ ನನಗೆ ದಿಂಬು ಕೊಟ್ಟವನಲ್ಲ. ಆಮೇಲೆ, ಧಾರಾವಾಹಿ ನೋಡುವಾಗ ಮೊಬೈಲಿನ ಬೆಳಕನ್ನೂ ಸಹಿಸದ ಮನುಷ್ಯ, ಕೋಣೆಯ ಎಲ್ಲ ಕತ್ತಲೆಯನ್ನು ಹೊಡೆದೋಡಿಸುವಂತೆ ಟ್ಯೂಬ್‌ಲೈಟ್ ಹಾಕಿದ. ‘ಕಣ್ಣಿಗೆ ಒಳ್ಳೆಯದು’ ಎಂದ. ನನಗೆ ಅನುಮಾನ ಬಂದು ಅತ್ತಿತ್ತ ಕಣ್ಣಾಡಿಸಿದರೆ, ಟಿ.ವಿ.ಯ ಪಕ್ಕದ ಪುಸ್ತಕಗಳಿಗೆ ಒರಗಿಕೊಂಡು ಅವನ ಮೊಬೈಲು ನಿಂತಿದೆ, ಬೆನ್ನಿನ ಕ್ಯಾಮೆರಾ ನೇರ ನನ್ನ ಮೂಗಿಗೆ ಗುರಿಯಿಟ್ಟಿದೆ.

ಇದರ ಹಿಂದಿನ ಕಥೆ ನನಗೆ ಆಮೇಲೆ ತಿಳಿಯಿತು. ಆ ಕಂತು ಪ್ರಸಾರವಾದದ್ದು 2013ರ ಜೂನ್ 2ರಂದು. ಅದಕ್ಕೆ ಆಧಾರವಾದ ಪುಸ್ತಕ ಬಂದದ್ದು 2000ದಲ್ಲಿ. ಅಂದರೆ ಓದಿದವರು ಹದಿಮೂರು ವರ್ಷ ಆ ಗುಟ್ಟನ್ನು ಹೊಟ್ಟೆಯಲ್ಲಿ ಕಟ್ಟಿಕೊಂಡು ತಿರುಗಿದ್ದರು. ಅಂಥವರಲ್ಲಿ ಬಹಳ ಮಂದಿ ಅಂದು ಓದದ ಹೆಂಡತಿ, ಗಂಡ, ಗೆಳೆಯ, ತಂಗಿಯರನ್ನು ಟಿ.ವಿ.ಯ ಮುಂದೆ ಕೂರಿಸಿ, ಗುಟ್ಟಾಗಿ ಕ್ಯಾಮೆರಾ ಇಟ್ಟು, ಅವರ ಅಳು, ಕಿರುಚಾಟ, ದಿಂಬೆಸೆತಗಳನ್ನೆಲ್ಲ ಹಿಡಿದು ಯೂಟ್ಯೂಬಿಗೆ ಹಾಕಿದರು. ಲಕ್ಷಾಂತರ ಜನ ಕಂತಿನ ಜೊತೆಗೆ ಅದನ್ನೂ ನೋಡಿ ನಕ್ಕರು. ನನ್ನ ತಮ್ಮನಿಗೆ ಆಗ ಹಿಡಿಯಲು ಯಾರೂ ಸಿಕ್ಕಿರಲಿಲ್ಲ. ಆ ಕೊರತೆಯನ್ನು ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದ.

ನಾನೂ ಸುಮ್ಮನಿರುವವಳಲ್ಲ. ಭೂಮಿ ಬಿರಿದರೂ ಮುಖದ ಒಂದು ಗೆರೆ ಅಲುಗಿಸಬಾರದೆಂದು ನಿರ್ಧರಿಸಿದೆ. ತೆರೆಯ ಮೇಲೆ ಮದುವೆಯ ಸಂಭ್ರಮ. ರಾಬ್‌ನ ಬಸುರಿ ಹೆಂಡತಿ, ಹುಟ್ಟುವುದು ಗಂಡಾದರೆ ತಾತನ ಹೆಸರೇ ಇಡೋಣ ಎನ್ನುತ್ತಾಳೆ. ನನ್ನ ಪಕ್ಕದಲ್ಲಿ ಹೆಬ್ಬೆರಳು ಅಲುಗಿತು. ಸಭಾಂಗಣದ ಬಾಗಿಲು ಮುಚ್ಚಿತು. ಬೆನ್ನು ನೆಟ್ಟಗಾಯಿತು. ವಾದ್ಯದವರು ರಾಗ ಬದಲಾಯಿಸಿದರು. ಕಾಲುಗಳು ಮೇಲೇರಿದವು. ಕ್ಯಾಟ್ಲಿನ್ ಪಕ್ಕದಲ್ಲಿ ಕೂತವನ ತೋಳು ಸರಿಸಿ ನೋಡಿದರೆ ಬಟ್ಟೆಯ ಒಳಗೆ ಉಕ್ಕಿನ ಕವಚ. ಅಲ್ಲಿಂದ ಮುಂದೆ ಏನಾಯಿತೆಂಬುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ನಾನು ಉಸಿರು ಬಿಗಿಹಿಡಿದು, ಹಲ್ಲುಕಚ್ಚಿ, ಕಲ್ಲಿನ ವಿಗ್ರಹದ ಹಾಗೆ ಕೂತೆ. ಬಸುರಿಯ ಹೊಟ್ಟೆಗೆ ಇರಿದರು, ನಾನು ಕಲ್ಲು. ರಾಬ್‌ಗೆ ಬಾಣಗಳು ನೆಟ್ಟವು, ನಾನು ಕಲ್ಲು. ಕ್ಯಾಟ್ಲಿನ್ ಕೊನೆಯ ಸಲ ಕೂಗಿ ಸುಮ್ಮನೆ ನಿಂತಳು. ಕೋಣೆಯಲ್ಲಿ ಪೂರ್ಣ ಮೌನ. ಆಗ ನನಗೆ ಬಿಕ್ಕಳಿಕೆ ಶುರುವಾಯಿತು.

ಅಷ್ಟು ಹೊತ್ತು ಉಸಿರು ಹಿಡಿದದ್ದರ ಫಲ. ಮೊದಲನೆಯದು ಕ್ಯಾಟ್ಲಿನ್‌ಳ ಕತ್ತು ಕೊಯ್ಯುವ ಕ್ಷಣಕ್ಕೆ ಸರಿಯಾಗಿ ಬಂತು. ಆ ಕಂತಿನ ಕೊನೆಯಲ್ಲಿ ಹೆಸರುಗಳು ಓಡುವಾಗ ಸಂಗೀತವಿಲ್ಲ. ನೋಡುಗರು ಸ್ತಬ್ಧರಾಗಿ ಕೂರಲಿ ಎಂದು ಬೇಕೆಂದೇ ನಿಶ್ಶಬ್ದವಾಗಿ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಆ ನಿಶ್ಶಬ್ದದ ಉದ್ದಕ್ಕೂ ನಾಲ್ಕು ಸೆಕೆಂಡಿಗೊಂದರಂತೆ ಬಿಕ್ಕಳಿಕೆ ಕೇಳಿಸಿತು. ಮುಖ ಮಾತ್ರ ಅದೇ ಕಲ್ಲು. ತಮ್ಮ ಮೊದಲು ಕಂಗಾಲಾಗಿ ನೋಡಿದ, ಆಮೇಲೆ ನೆಲಕ್ಕೆ ಬಿದ್ದು ನಕ್ಕ. ಯಜಮಾನರಿಗೆ ಎಚ್ಚರವಾಗಿ, ‘ಮದುವೆ ಮುಗೀತಾ?’ ಎಂದು ಕೇಳಿದರು.

ಆ ವಿಡಿಯೊ ಆ ರಾತ್ರಿಯೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಸೋದರತ್ತೆಯ ಮಗಳು ನಗುವ ಮುಖಗಳನ್ನು ಎರಡು ಸಾಲು ಕಳಿಸಿದಳು. ಹಿನ್ನೆಲೆಯಲ್ಲಿ ಏನು ನಡೆಯುತ್ತಿದೆಯೆಂದು ಗೊತ್ತಿಲ್ಲದ ದೊಡ್ಡಮ್ಮ, ‘ಪಾಪ, ಯಾರೋ ನೆನೆಸಿಕೊಂಡಿರಬೇಕು, ಒಂದು ಲೋಟ ನೀರು ಕೊಡಬಾರದಿತ್ತೇನೋ’ ಎಂದು ಬರೆದರು. ನೆನೆಸಿಕೊಳ್ಳಲು ಆ ಸಭಾಂಗಣದಲ್ಲಿ ಆಗ ಒಳ್ಳೆಯವರೆಂಬುವರು ಯಾರೂ ಉಳಿದಿರಲಿಲ್ಲ, ದೊಡ್ಡಮ್ಮ. ಇಂದಿಗೂ ಯಾರ ಮನೆಯ ಸಮಾರಂಭಕ್ಕೆ ಹೋದರೂ ಯಾವುದಾದರೊಂದು ಮಗು ಬಂದು ನನ್ನ ಮುಂದೆ ನಿಂತು ಬಿಕ್ಕಳಿಸಿ ಓಡಿಹೋಗುತ್ತದೆ.

ಈ ಅವಮಾನದ ನಂತರ ನಾನು ಒಂದು ತಪ್ಪು ಮಾಡಿದೆ. ಕೋಪದಲ್ಲಿ, ‘ನಿನ್ನ ಕಾಲು ನೋಡಿಯೇ ನನಗೆ ಎಲ್ಲಾ ಗೊತ್ತಾಗುತ್ತೆ ಕಣೋ’ ಎಂದುಬಿಟ್ಟೆ. ಗುಟ್ಟು ರಟ್ಟಾದ ಮೇಲೆ ಪಂಚಾಂಗ ಕೆಟ್ಟಿತು. ನಾಲ್ಕನೆಯ ಸೀಸನ್ನಿನಲ್ಲಿ ಅವನು ಸುಳ್ಳು ಸೂಚನೆ ಕೊಡಲು ಕಲಿತ. ಇಬ್ಬರು ಸುಮ್ಮನೆ ನಡೆದು ಹೋಗುತ್ತಿದ್ದರೂ ಕಾಲು ಮಡಚುವುದು, ನಾನು ಎದೆ ಹಿಡಿದುಕೊಂಡ ಮೇಲೆ ಮತ್ತೆ ಚಾಚುವುದು. ಎಂಟನೆಯ ಕಂತಿನಲ್ಲಿ ಓಬೆರಿನ್ ಎಂಬ ಸೊಗಸುಗಾರ, ‘ಪರ್ವತ’ ಎಂದೇ ಹೆಸರಾದ ದೈತ್ಯನ ಜೊತೆ ಕಾಳಗಕ್ಕಿಳಿದಾಗ, ನನ್ನ ತಮ್ಮ ಕಾಲು ಚಾಚಿ, ಒಂದು ಕಾಲಿನ ಮೇಲೆ ಇನ್ನೊಂದನ್ನು ಹಾಕಿ, ಉಗುರು ನೋಡಿಕೊಳ್ಳುತ್ತ ಬಿದ್ದಿದ್ದ. ಓಬೆರಿನ್ ಗೆದ್ದ ಹಾಗೆಯೇ ಆಯಿತು. ನಾನು ಚಪ್ಪಾಳೆ ತಟ್ಟಿದೆ. ಮರುಕ್ಷಣ ಆ ದೈತ್ಯ ಬಿದ್ದಲ್ಲಿಂದಲೇ ಅವನನ್ನು ಹಿಡಿದು ಬರಿಗೈಯಲ್ಲಿ ತಲೆಬುರುಡೆಯನ್ನು ಒಡೆದ. ನನ್ನ ಎರಡು ಕೈಗಳು ಚಪ್ಪಾಳೆಯ ಅರ್ಧದಲ್ಲೇ ನಿಂತಿದ್ದವು. ತಮ್ಮ ಉಗುರಿನಿಂದ ಕಣ್ಣೆತ್ತದೆಯೇ, ‘ಛೆ, ಪಾಪ’ ಎಂದ.

ಐದನೆಯ ಸೀಸನ್ನಿನ ಕೊನೆಗೆ ಜಾನ್ ಸ್ನೋ ಸತ್ತ. ತನ್ನವರೇ ಒಬ್ಬರಾದ ಮೇಲೊಬ್ಬರು ಬಂದು ಇರಿದು, ಹಿಮದ ಮೇಲೆ ಕೆಡವಿ ಹೋದರು. ನಾನು ಪಕ್ಕಕ್ಕೆ ತಿರುಗಿದೆ. ಕಾಲು ಮೇಲೂ ಇರಲಿಲ್ಲ, ಚಾಚಿಯೂ ಇರಲಿಲ್ಲ. ನೆಲಕ್ಕೆ ಊರಿಕೊಂಡು ಕೂತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಅವತ್ತು ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ‘ಇದನ್ನು ನಾನು ನಿನಗೆ ಹೇಳಿದ್ದೆ’ ಎಂದ.

ಸುಳ್ಳಲ್ಲ. ಆ ಕಂತು ಬಂದದ್ದು 2015ರ ಜೂನ್ 14ರಂದು. ಜಾನ್ ಸ್ನೋ ಮತ್ತೆ ಕಣ್ಣು ಬಿಟ್ಟದ್ದು 2016ರ ಮೇ 1ರಂದು ಪ್ರಸಾರವಾದ ಕಂತಿನಲ್ಲಿ. ನಡುವಿನ ಹತ್ತೂವರೆ ತಿಂಗಳು ಅಭಿಮಾನಿಗಳಿಗೆ ಬೇರೆ ಕೆಲಸವೇ ಇರಲಿಲ್ಲ. ಪಾತ್ರ ಮಾಡಿದ ಕಿಟ್ ಹ್ಯಾರಿಂಗ್ಟನ್ ತಾನು ಸತ್ತೆನೆಂದೇ ಎಲ್ಲ ಕಡೆ ಹೇಳುತ್ತಿದ್ದರು. ಜನ ನಂಬದೆ ಅವರ ತಲೆಗೂದಲನ್ನು ಕಾಯುತ್ತಿದ್ದರು. ಗುಂಗುರು ಕೂದಲು ಕತ್ತರಿಸಿದರೆ ಪಾತ್ರ ಸತ್ತಿತು, ಉದ್ದವಾಗಿಯೇ ಇದ್ದರೆ ಬದುಕಿದೆ. ಚಿತ್ರೀಕರಣ ನಡೆಯುವ ಬೆಲ್‌ಫಾಸ್ಟ್‌ನಲ್ಲಿ ಅವರು ಕಾಣಿಸಿಕೊಂಡರೆಂಬುದೇ ದೊಡ್ಡ ಸುದ್ದಿ. ಆಮೇಲೆ ಅವರು ಅಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಆ ವರ್ಷ ನನ್ನ ತಮ್ಮ ಹೊಸ ಕೆಲಸ ಹಿಡಿದು, ಗುರುತು ಪರಿಚಯವಿಲ್ಲದ ಊರಿನಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬನೇ ಇದ್ದ. ವಾರಕ್ಕೊಂದು ಸಲ ರಾತ್ರಿ ಫೋನ್ ಮಾಡುತ್ತಿದ್ದ. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟು, ಒಣಗಿದ ಬಟ್ಟೆ ಮಡಚುತ್ತ, ‘ಹೂಂ’, ‘ಹೌದಾ’, ‘ಅಯ್ಯೋ’ ಎನ್ನುತ್ತಿದ್ದೆ. ಜಾನ್ ಎಂಬ ಯಾರಿಗೋ ಆಫೀಸಿನಲ್ಲಿ ಜೊತೆಯವರೇ ಚೂರಿ ಹಾಕಿದ್ದಾರೆ, ಅವನ ಕೂದಲಿನ ಬಗ್ಗೆ ಏನೋ ತಕರಾರಿದೆ ಎಂಬಷ್ಟು ನನ್ನ ಕಿವಿಗೆ ಬಿದ್ದಿತ್ತು. ಒಂದು ದಿನ ಕರುಳು ಚುರುಕ್ ಎಂದು, ‘ಅವರ ಮನೆಯವರಿಗೆ ತಿಳಿಸಿದಾರೇನೋ?’ ಎಂದು ಕೇಳಿದ್ದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, ‘ತಿಳಿಸಿದಾರೆ ಅಕ್ಕಾ’ ಎಂದಿದ್ದ.

ಇಷ್ಟು ವರ್ಷ ಒಂದೇ ಒಂದು ಸಾವಿನ ಸುದ್ದಿಯೂ ನನ್ನನ್ನು ತಲುಪದೆ ಉಳಿದದ್ದು ಹೇಗೆಂದು ನಾನು ಜಂಬದಿಂದ ಹೇಳಿಕೊಂಡು ತಿರುಗಿದ್ದೆನಲ್ಲ, ಹೀಗೆ ಉಳಿದದ್ದು. ಎಲ್ಲವನ್ನೂ ಅವನು ಆಗಲೇ ಹೇಳಿದ್ದ. ಆ ರಾತ್ರಿ ನಾನು ಮುಂದಿನ ಎರಡು ಕಂತುಗಳನ್ನು ಒಟ್ಟಿಗೇ ನೋಡಿದೆ, ಎರಡು ಗಂಟೆಯೊಳಗೆ ಜಾನ್ ಸ್ನೋ ಎದ್ದು ಕೂತ. ‘ಎದ್ದನಲ್ಲ, ಇನ್ನೇನು’ ಎಂದೆ. ‘ಎರಡು ಗಂಟೆ’ ಎಂದಷ್ಟೇ ಹೇಳಿ ತಮ್ಮ ಎದ್ದು ಹೋದ. ಮರುದಿನ ಬಂದು ಮತ್ತೆ ನನ್ನ ಮುಖ ನೋಡಲು ಶುರುಮಾಡಿದ. ನಾನೂ ಎರಡು ಕಂತು ಸಹಿಸಿಕೊಂಡೆ.

ಎರಡೇ ಕಂತು. ಕೊನೆಯ ಸೀಸನ್ನಿನ ಮೂರನೆಯ ಕಂತಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಪೂರ್ತಿ ಹರಿದಿತ್ತು. ಸತ್ತವರ ಸೈನ್ಯದ ಎದುರು ಬದುಕಿದ್ದವರೆಲ್ಲ ಸೇರಿ ಒಂದು ರಾತ್ರಿ ಹೋರಾಡುವ 82 ನಿಮಿಷದ ಕಂತು ಅದು. ಚಿತ್ರೀಕರಣಕ್ಕೆ 55 ರಾತ್ರಿಗಳು ಹಿಡಿದವಂತೆ, ಆದರೆ ದೀಪ ಹಚ್ಚುವ ಯೋಚನೆ ಅಷ್ಟೂ ರಾತ್ರಿ ಯಾರಿಗೂ ಬಂದ ಹಾಗಿಲ್ಲ. ಪ್ರಸಾರವಾದ ಮರುದಿನ ಲೋಕವೆಲ್ಲ ಕತ್ತಲೆಯ ಬಗ್ಗೆಯೇ ದೂರಿತ್ತು; ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಳ್ಳುವುದು ನೋಡುಗರಿಗೆ ಬಾರದು ಎಂದು ಛಾಯಾಗ್ರಾಹಕರು ಉತ್ತರ ಕೊಟ್ಟಿದ್ದರು. ನನ್ನ ಪಟ್ಟಿಯ ಥಿಯೋನ್ ಮತ್ತು ಜೋರಾ ಇಬ್ಬರೂ ಆ ಕತ್ತಲೆಯಲ್ಲೇ ತೀರಿಕೊಂಡರು. ಆದರೆ ಅದಕ್ಕೂ ಮೊದಲು, ಯಾರು ಯಾರನ್ನು ಇರಿಯುತ್ತಿದ್ದಾರೆಂದು ತಿಳಿಯದೆ ನಾನು ಕಣ್ಣು ಕಿರಿದುಮಾಡಿ ತೆರೆಯನ್ನು ದಿಟ್ಟಿಸುತ್ತಿದ್ದಾಗ, ಕಪ್ಪು ಗಾಜಿನ ಮಧ್ಯದಲ್ಲಿ ಮಸುಕಾಗಿ ಒಂದು ಮುಖ ಕಾಣಿಸಿತು. ಹೊಸ ಪಾತ್ರವಿರಬೇಕು, ಮಂಡಿಯ ಮೇಲೆ ಗಲ್ಲವಿಟ್ಟುಕೊಂಡು ಯಾರನ್ನೋ ಹೊಂಚುಹಾಕುತ್ತಿದೆ ಎಂದುಕೊಂಡೆ. ‘ಇವನ್ಯಾರೋ, ಇವನು ಉಳಿಯೋ ಹಾಗೆ ಕಾಣೋದಿಲ್ಲ’ ಎಂದೆ. ಅದು ಗಾಜಿನಲ್ಲಿ ಮೂಡಿದ ನನ್ನ ತಮ್ಮನ ಪ್ರತಿಬಿಂಬ.

ನಿನ್ನೆಯ ಲೆಕ್ಕಕ್ಕೆ ಬರೋಣ. ಕೊನೆಯ ಕಂತಿನಲ್ಲಿ ಡೆನೆರಿಸ್ ಜಾನ್ ಸ್ನೋನ ಕೈಯಿಂದಲೇ ಸತ್ತಳು. ಸಾನ್ಸಾ ಉತ್ತರದ ರಾಣಿಯಾದಳು, ಆರ್ಯಾ ಹಡಗು ಹತ್ತಿ ಪಶ್ಚಿಮಕ್ಕೆ ಹೋದಳು, ಟಿರಿಯನ್ ಮಂತ್ರಿಯಾಗಿ ಉಳಿದ. ಮೂರು ಅಂಕ. ಜಾನ್ ಸ್ನೋ ಬದುಕಿದ್ದಾನೆ, ಆದ್ದರಿಂದ ನಾಲ್ಕು ಎಂಬುದು ನನ್ನ ವಾದ. ‘ನಡುವೆ ಒಂದು ಸಲ ಸತ್ತಿದ್ದ, ಆದ್ದರಿಂದ ಅರ್ಧ’ ಎಂಬುದು ತಮ್ಮನ ತೀರ್ಪು. ನಾವು ಕೇಳಿದ್ದು ಕೊನೆಗೆ ಯಾರಿರುತ್ತಾರೆಂದೇ ಹೊರತು ನಡುವೆ ರಜೆ ಹಾಕಿದ್ದರೇ ಎಂದಲ್ಲ. ಇನ್ನು ಆ ಸಿಂಹಾಸನದ ಒಡೆತನ, ನಾನು ಮೊದಲ ರಾತ್ರಿಯೇ ಲೆಕ್ಕದಿಂದ ಕೈಬಿಟ್ಟ, ಕಿಟಕಿಯಿಂದ ಬಿದ್ದ ಹುಡುಗ ಬ್ರ್ಯಾನ್‌ಗೆ ಹೋಯಿತು. ಆ ಹೆಸರು ಕೇಳಿದಾಗ ನಾನು ತಿರುಗಿ ನೋಡಿದರೆ, ತಮ್ಮ ಎಂಟು ವಾರಗಳಿಂದ ಕಾದಿದ್ದ ಮುಖವನ್ನು ಕೊನೆಗೂ ಕಂಡವನಂತೆ ಕೈ ಉಜ್ಜಿಕೊಳ್ಳುತ್ತಿದ್ದ.

ಆದರೆ ನನಗೂ ಒಂದು ಸಮಾಧಾನ ಸಿಕ್ಕಿತು, ಅದೂ ಅವನ ಬಾಯಿಂದಲೇ. 2019ರಲ್ಲಿ ಕೊನೆಯ ಸೀಸನ್ ಬರುವ ಮೊದಲು ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಪಾತ್ರಗಳ ಮನೆತನ, ಮದುವೆ, ಲಿಂಗ ಇತ್ಯಾದಿ ವಿವರಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಯಾರು ಬದುಕುತ್ತಾರೆಂದು ಗಣಿತ ಮಾಡಿದ್ದರು. ಡೆನೆರಿಸ್ ಉಳಿಯುವ ಸಾಧ್ಯತೆ 99 ಪ್ರತಿಶತ ಎಂದು ಅದು ಹೇಳಿತು. ಬ್ರಾನ್ ಎಂಬ ಕೂಲಿಯ ಕತ್ತಿವೀರ (ಕಿಟಕಿಯಿಂದ ಬಿದ್ದ ಬ್ರ್ಯಾನ್ ಬೇರೆ) ಸಾಯುವ ಸಾಧ್ಯತೆ 93.5 ಪ್ರತಿಶತ. ಡೆನೆರಿಸ್ ಸತ್ತಳು; ಆ ಬ್ರಾನ್ ಗಟ್ಟಿಮುಟ್ಟಾಗಿ ಉಳಿದು, ದೊಡ್ಡ ಕೋಟೆ ಸಂಪಾದಿಸಿ, ಖಜಾನೆಯ ಮಂತ್ರಿಯೂ ಆದ. ನನ್ನ ತಮ್ಮ ಈ ಗಣಿತವನ್ನು ನಂಬಿ ಗೆಳೆಯರ ಗುಂಪಿನಲ್ಲಿ ಡೆನೆರಿಸ್ ಹೆಸರಿಗೆ ಎರಡು ಗೆರೆ ಎಳೆದಿದ್ದನಂತೆ. ‘ಹನ್ನೆರಡಕ್ಕೆ ನಿನಗೆಷ್ಟು ಬಂದಿತ್ತು?’ ಎಂದು ಕೇಳಿದೆ. ಅವನು ಟೀಪಾಯಿಯ ಮೇಲಿನ ಕೆಂಪು ಪೆನ್ನಿಗೆ ಮುಚ್ಚಳ ಹಾಕುವುದರಲ್ಲಿ ತನ್ಮಯನಾದ.

ಈವತ್ತು ಬೆಳಗ್ಗೆ ಹೊಸ ಕಾಗದ ಹಿಡಿದು ಬಂದಿದ್ದಾನೆ. ಡೆನೆರಿಸ್ ಹುಟ್ಟುವುದಕ್ಕಿಂತ ಸುಮಾರು 170 ವರ್ಷ ಹಿಂದಿನ ಅವಳ ವಂಶದ ಕಥೆಯಾದ ‘ಹೌಸ್ ಆಫ್ ದ ಡ್ರ್ಯಾಗನ್’ 2022ರಲ್ಲಿ ಶುರುವಾಗಿದೆ. ಮೊದಲ ಎರಡು ಸೀಸನ್ನುಗಳನ್ನು ಅವನು ನೋಡಿದ್ದಾನೆ, ಮುಂದೆ ಯಾರು ಉಳಿಯುತ್ತಾರೆಂದು ಈಗ ಅವನೇ ಪಟ್ಟಿ ಮಾಡಬೇಕು, ನಾನು ಬರೆದುಕೊಳ್ಳಬೇಕು. ಇದರ ಮೂಲ ಪುಸ್ತಕ ‘ಫೈರ್ ಅಂಡ್ ಬ್ಲಡ್’ 2018ರಲ್ಲೇ ಬಂದಿದೆ. ಕುತೂಹಲ ಕೆಡುತ್ತದೆಂದು ಅವನು ಅದನ್ನು ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದಾನೆ. ನಾನು ಯಾವ ಶಪಥವನ್ನೂ ಮಾಡಿಲ್ಲ. ಒಂದು ವಾರದಿಂದ ಕದ್ದು ಓದುತ್ತಿದ್ದೇನೆ, ಅಲಮಾರಿನಲ್ಲಿ ಚಾದರಗಳ ನಡುವೆ ಬಚ್ಚಿಟ್ಟಿದ್ದೇನೆ. ಕಥೆಯ ಹಾಗಲ್ಲ, ಇತಿಹಾಸದ ಹಾಗೆ ಬರೆದಿದ್ದಾರೆ. ಒಬ್ಬೊಬ್ಬರ ಸಾವಿನ ಬಗ್ಗೆ ಅರಮನೆಯ ವಿದೂಷಕ ಒಂದು ಹೇಳಿದರೆ ಪುರೋಹಿತ ಇನ್ನೊಂದು ಹೇಳುತ್ತಾನೆ. ಹೇಗೆ ಸತ್ತರೆಂಬುದರಲ್ಲಿ ಜಗಳವಿದ್ದರೂ ಸತ್ತರೆಂಬುದರಲ್ಲಿ ಒಮ್ಮತವಿದೆ.

ತಮ್ಮ ಸೋಫಾದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ತೂಗಿ ನೋಡಿ, ಕಾರಣ ಸಹಿತ ಮೊದಲ ಹೆಸರು ಹೇಳಿದ. ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು, ಪೆನ್ನೆತ್ತಿ, ಎಷ್ಟು ಸಾಧ್ಯವೋ ಅಷ್ಟು ವಿನಯದಿಂದ, ‘ಖಂಡಿತಾನಾ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅವನು ಕಣ್ಣು ತೆರೆದಿದ್ದ, ನನ್ನ ಮುಖವನ್ನು ನೋಡುತ್ತಿರಲಿಲ್ಲ, ಇನ್ನೂ ಕೆಳಗೆ ಎಲ್ಲೋ ನೋಡುತ್ತಿದ್ದ. ನಾನೂ ಬಗ್ಗಿ ನೋಡಿದೆ. ನನ್ನ ಎರಡೂ ಕಾಲು ಯಾವಾಗಲೋ ಸೋಫಾದ ಮೇಲೆ ಬಂದು ಕೂತಿದ್ದವು.